ಶಾವೊಲಿನ್ ಮುಷ್ಟಿವಿದ್ಯೆಯ ಮೂಲವೂ ಪ್ರಸಾರವೂ

ಚೀನದೇಶದ ಅಂಗಸಾಧನ ಸಂಪ್ರದಾಯಗಳು ಬಹುಸಂಖ್ಯಾಕವಾಗಿರುವುವು. ಅವುಗಳಲ್ಲಿ ಶಾವೊಲಿನ್ ವಿಹಾರದ ಮುಷ್ಟಿವಿದ್ಯೆಗೆ ಬಂದಿರುವ ಖ್ಯಾತಿಯು ಮತ್ತಾವುದಕ್ಕೂ ಬಂದಿಲ್ಲ. ಈ ವಿದ್ಯೆಯ ಉತ್ಪತ್ತಿಯನ್ನು ಕುರಿತು ಭಾರತದಲ್ಲಿ ಸರ್ವತ್ರ ಹೇಳುವ ಕಥೆಯೊಂದುಂಟು. ದಕ್ಷಿಣಭಾರತದ ರಾಜಪುತ್ರನಾದ ಬೋಧಿಧರ್ಮನು ಸನ್ಯಸಿಸಿ ಚೀನಕ್ಕೆ ಹೋದನು. ಶಾವೊಲಿನ್ ವಿಹಾರದಲ್ಲಿ ಒಂಬತ್ತು ವರ್ಷ ಗೋಡೆಗೆ ಅಭಿಮುಖವಾಗಿ ಕುಳಿತು ಧ್ಯಾನಮಾಡಿದನು. ಅಲ್ಲಿನ ಭಿಕ್ಷುಗಳು ನಿರಂತರವಾದ ಧ್ಯಾನದಿಂದ ಕೃಶರೂ ದುರ್ಬಲರೂ ಆಗಿರುವುದನ್ನು ಕಂಡು, ಸ್ವದೇಶದಲ್ಲಿ ತಾನು ಕಲಿತಿದ್ದ ಯುದ್ಧವಿದ್ಯೆಯನ್ನು ಅವರಿಗೆ ಉಪದೇಶಿಸಿದನು. ಅದೇ ಶಾವೊಲಿನ್ ಮುಷ್ಟಿವಿದ್ಯೆಯಾಯಿತು ಎಂಬುದು ಆ ಕಥೆಯ ಸಾರ. ಶಾಲೆಯ ಪಾಠಗಳಲ್ಲಿಯೂ, ಸಭೆಗಳ ಉಪನ್ಯಾಸಗಳಲ್ಲಿಯೂ, ೨೦೧೧ರಲ್ಲಿ ತೆರೆಕಂಡ ಒಂದು ತಮಿಳು ಚಲಚ್ಚಿತ್ರದಲ್ಲಿಯೂ ಇದು ಇತಿಹಾಸವೆಂದೇ ನಿರೂಪಿತವಾಗಿದೆ.

ಕಥೆಯು ಸ್ವದೇಶಾಭಿಮಾನಕ್ಕೆ ಹಿತವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಿತವಾದುದೆಲ್ಲವೂ ಪ್ರಮಾಣವಾಗಲಾರದು. ಬೋಧಿಧರ್ಮನಿಗೂ ಮುಷ್ಟಿವಿದ್ಯೆಗೂ ಸಂಬಂಧವನ್ನು ಹೇಳುವ ಆಧಾರಗಳು ಯಾವುವು, ಅವುಗಳ ಕಾಲವೇನು, ಆ ಕಥೆಯನ್ನು ಬಿಟ್ಟರೆ ಈ ವಿದ್ಯೆಯಲ್ಲಿ ಭಾರತದ ಪಾಲೆಂದು ಉಳಿಯುವುದೇನು ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಣೀಯವಾಗಿವೆ.

೧. ವಿಹಾರದ ಸ್ಥಾಪನೆ

ಹೆನಾನ್ ಪ್ರಾಂತದ ದೆಂಗ್‌ಫೆಂಗ್ ಎಂಬ ಊರಿಗೆ ಸಮೀಪದಲ್ಲಿ ಸುಂಗ್ ಪರ್ವತವಿದೆ. ಚೀನರು ಪವಿತ್ರವೆಂದು ಎಣಿಸುವ ಪಂಚಪರ್ವತಗಳಲ್ಲಿ ಇದು ಮಧ್ಯಪರ್ವತವು. ಇದರ ಶಿಖರಗಳಲ್ಲೊಂದಕ್ಕೆ ಶಾವೊಶಿ ಎಂದು ಹೆಸರು. ‘ಲಿನ್’ ಎಂದರೆ ವನ. ಶಾವೊಶಿಯ ತಪ್ಪಲಿನ ವನದಲ್ಲಿ ಇದ್ದುದರಿಂದ ವಿಹಾರಕ್ಕೆ ಶಾವೊಲಿನ್ ಎಂಬ ಹೆಸರು ಬಂದಿತು. ಉತ್ತರ ವೇಯಿ ವಂಶದ ಚಕ್ರವರ್ತಿಯಾದ ಶಿಯಾವೊವೆನ್ ಎಂಬವನು ಕ್ರಿ. ಶ. ೪೯೫ರ ಸುಮಾರಿನಲ್ಲಿ ಇದನ್ನು ಕಟ್ಟಿಸಿದನು. ಯಾರಿಗಾಗಿ ಕಟ್ಟಿಸಿದನೆಂಬುದು ಗಮನಾರ್ಹವಾದ ವಿಷಯ. ಚೀನೀ ಗ್ರಂಥಗಳು ‘ಬಾತುವೊ’ ಎಂದು ಕರೆಯುವ ಭಾರತೀಯ ಭಿಕ್ಷುವೊಬ್ಬನಿಗಾಗಿ ಆ ವಿಹಾರವು ನಿರ್ಮಿತವಾಯಿತು. ಆತನು ಬೋಧಿಧರ್ಮನಲ್ಲ, ಧ್ಯಾನನಿಷ್ಠನೆಂದು ಹೆಸರಾದ ಬೇರೊಬ್ಬ ಆಚಾರ್ಯ. ಹೀಗೆ ವಿಹಾರಕ್ಕೂ ಭಾರತಕ್ಕೂ ಇರುವ ಸಂಬಂಧವು ಅದರ ಅಸ್ತಿಭಾರದಿಂದಲೇ ಮೊದಲಾಗುವುದು. ಈ ಸಂಬಂಧವನ್ನು ಸಾಧಿಸಲು ಬೋಧಿಧರ್ಮನ ಕಥೆಯು ಆವಶ್ಯಕವೇ ಅಲ್ಲ.

ಬಾತುವೊ ಎಂಬವನ ಶಿಷ್ಯರಲ್ಲಿ ಸೆಂಗ್‌ಚೌ ಎಂಬೊಬ್ಬನಿದ್ದನು. ತಾಂಗ್ ಕಾಲದ ಕಥಾಸಂಗ್ರಹವೊಂದರಲ್ಲಿ ಈತನನ್ನು ಕುರಿತು ಒಂದು ಸ್ವಾರಸ್ಯವಾದ ವೃತ್ತಾಂತವಿದೆ. ಬಾಲ್ಯದಲ್ಲಿ ದುರ್ಬಲನಾಗಿ ಸಹಪಾಠಿಗಳಿಂದ ಪೀಡಿತನಾದ ಈತನು ವಜ್ರಪಾಣಿಯ ಮೂರ್ತಿಯ ಮುಂದೆ ನಿಂತು ಬಲವನ್ನು ಬೇಡಿದನಂತೆ; ದೇವತೆಯು ಪ್ರತ್ಯಕ್ಷವಾಗಿ ಸ್ನಾಯುಗಳಿಂದ ತುಂಬಿದ ಪಾತ್ರೆಯನ್ನು ನೀಡಿ ತಿನ್ನೆಂದಿತಂತೆ; ಮಾಂಸವು ನಿಷಿದ್ಧವೆಂದು ಆತನು ಹಿಂಜರಿದಾಗ ವಜ್ರವನ್ನೆತ್ತಿ ಬೆದರಿಸಿತಂತೆ. ತಿಂದೊಡನೆ ಆತನಿಗೆ ಅಸಾಧಾರಣವಾದ ಬಲವು ಬಂದಿತು. ಕಥೆಯು ಕಟ್ಟುಕಥೆಯೇ ಸರಿ. ಆದರೂ ಬಲವನ್ನು ಕೊಡುವವನು ಬೋಧಿಧರ್ಮನಲ್ಲ, ವಜ್ರಪಾಣಿ ಎಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡತಕ್ಕದ್ದು.

೨. ಬೋಧಿಧರ್ಮನನ್ನು ಕುರಿತ ಪ್ರಾಚೀನ ಆಧಾರಗಳು

ಬೋಧಿಧರ್ಮನ ಹೆಸರು ಮೊತ್ತಮೊದಲು ಕಾಣುವುದು ಯಾಂಗ್ ಶುವಾನ್‌ಚಿ ಎಂಬವನು ಕ್ರಿ. ಶ. ೫೪೭ರಲ್ಲಿ ಲೋಯಾಂಗ್ ನಗರದ ವಿಹಾರಗಳನ್ನು ವರ್ಣಿಸಿ ಬರೆದ ಗ್ರಂಥದಲ್ಲಿ. ಪಶ್ಚಿಮದೇಶಗಳಿಂದ ಬಂದ ಪಾರಸೀಕನಾದ ಭಿಕ್ಷುವೊಬ್ಬನು ಯುಂಗ್‌ನಿಂಗ್ ವಿಹಾರದ ಉನ್ನತವಾದ ಸ್ತೂಪಗೋಪುರವನ್ನು ನೋಡಿ ವಿಸ್ಮಿತನಾಗಿ, ನೂರೈವತ್ತು ವರ್ಷದ ತನ್ನ ಆಯುಸ್ಸಿನಲ್ಲಿ ಇಂತಹುದನ್ನು ಕಂಡಿಲ್ಲವೆಂದು ಹೇಳಿದನೆಂದು ಆತನು ಬರೆದಿರುವನು. ಆ ಗೋಪುರವು ೫೧೬ರಲ್ಲಿ ಕಟ್ಟಲ್ಪಟ್ಟು ೫೩೪ರಲ್ಲಿ ಬೆಂಕಿಗೆ ಆಹುತಿಯಾಯಿತು. ಆದುದರಿಂದ ಈ ಸಂದರ್ಶನವು ಆ ಎರಡು ವರ್ಷಗಳ ನಡುವಣದೆಂದು ತಿಳಿಯಬೇಕು. ಇಲ್ಲಿ ದಕ್ಷಿಣಭಾರತದ ಮಾತಿಲ್ಲ; ಶಾವೊಲಿನ್ ವಿಹಾರದ ಮಾತೂ ಇಲ್ಲ.

ಎರಡನೆಯ ಆಧಾರವು ತಾನ್‌ಲಿನ್ ಎಂಬ ಭಿಕ್ಷುವಿನದು. ಬೋಧಿಧರ್ಮನ ಉಪದೇಶವೆಂದು ಪ್ರಸಿದ್ಧವಾದ ಕಿರುಗ್ರಂಥಕ್ಕೆ ಈತನು ಬರೆದ ಪೀಠಿಕೆಯಲ್ಲಿ, ಆಚಾರ್ಯನು ದಕ್ಷಿಣಭಾರತದವನೆಂದೂ ಬ್ರಾಹ್ಮಣರಾಜನೊಬ್ಬನ ಮೂರನೆಯ ಮಗನೆಂದೂ ಹೇಳಿದೆ. ಕ್ರಿ. ಶ. ೬೪೫ರಲ್ಲಿ ಮಹಾಭಿಕ್ಷುಗಳ ಚರಿತ್ರೆಯನ್ನು ಸಂಕಲಿಸಿದ ದಾವೊಶುವಾನ್ ಎಂಬವನು ಇದನ್ನೇ ಬಳಸಿಕೊಂಡು, ಬೋಧಿಧರ್ಮನು ಸಮುದ್ರಮಾರ್ಗವಾಗಿ ಬಂದು ಸುಂಗ್ ರಾಜ್ಯದ ಸೀಮೆಯಲ್ಲಿ ಇಳಿದನೆಂದು ಸೇರಿಸಿದನು. ಆ ರಾಜ್ಯವು ೪೭೯ರಲ್ಲಿ ಕೊನೆಗಂಡಿತು. ಲಿಯಾಂಗ್ ವಂಶದ ವೂ ಚಕ್ರವರ್ತಿಯೊಡನೆ ಬೋಧಿಧರ್ಮನು ನಡೆಸಿದನೆನ್ನುವ ಪ್ರಸಿದ್ಧವಾದ ಸಂವಾದಕ್ಕೆ ಈ ಕಾಲವು ಹೊಂದುವುದಿಲ್ಲ. ಏಕೆಂದರೆ ಆ ಚಕ್ರವರ್ತಿಯು ಪಟ್ಟಕ್ಕೆ ಬಂದುದು ೫೦೨ರಲ್ಲಿ. ಕಾಲವು ಮುಂದುವರಿದಂತೆ ಚರಿತ್ರೆಯು ಸಂಕ್ಷಿಪ್ತವಾಗುವುದಕ್ಕೆ ಬದಲಾಗಿ ವಿಸ್ತೃತವಾಗುತ್ತಾ ಹೋದುದನ್ನು ಇಲ್ಲಿ ಕಾಣಬಹುದು. ಐತಿಹ್ಯಗಳ ಬೆಳವಣಿಗೆಯ ಸಾಮಾನ್ಯ ಲಕ್ಷಣವೇ ಇದು.

ಕ್ರಿ. ಶ. ೧೦೦೪ರಲ್ಲಿ ಸಿದ್ಧವಾದ ‘ದೀಪಪರಂಪರೆ’ ಎಂಬ ಅರ್ಥದ ಗುರುಪರಂಪರಾಗ್ರಂಥದಲ್ಲಿ ಬೋಧಿಧರ್ಮನ ತಂದೆಯ ರಾಜ್ಯಕ್ಕೆ ‘ಶಿಯಾಂಗ್‌ಚಿ’ ಎಂದು ಹೆಸರು ಕೊಟ್ಟಿದೆ. ಇದು ಕಾಂಚಿಯ ರೂಪಾಂತರವಾಗಿರಬಹುದೆಂದು ಕೆಲವರು ಊಹಿಸಿರುವರು. ಆ ಊಹೆಯಿಂದಲೇ ಬೋಧಿಧರ್ಮನು ಪಲ್ಲವ ರಾಜಕುಮಾರನೆಂಬ ನಿರ್ಣಯವು ಹೊರಟಿದೆ. ಪಲ್ಲವರೆಂಬ ಹೆಸರು ಆ ಚೀನೀ ಗ್ರಂಥದಲ್ಲಿಲ್ಲ. ಊಹೆಯ ಮೇಲೆ ಊಹೆಯನ್ನು ಕಟ್ಟಿ ಅದನ್ನು ಸಿದ್ಧಾಂತವೆನ್ನುವುದು ಯುಕ್ತವಲ್ಲ.

ಬೋಧಿಧರ್ಮನನ್ನು ಶಾವೊಲಿನ್ ವಿಹಾರಕ್ಕೆ ಸೇರಿಸುವ ಹೇಳಿಕೆಯು ಎಂಟನೆಯ ಶತಮಾನದ ಆದಿಭಾಗದಿಂದೀಚಿನದು. ಎಂದರೆ ಆತನ ಕಾಲಕ್ಕಿಂತ ಸುಮಾರು ಇನ್ನೂರು ವರ್ಷ ಈಚಿನದು. ಆಗಲೂ ಆತನು ಧ್ಯಾನಾಚಾರ್ಯನೆಂದೇ ಸ್ತುತನಾಗಿರುವನು. ಮೇಲೆ ಹೇಳಿದ ಗ್ರಂಥಗಳಲ್ಲಿ ಒಂದರಲ್ಲಿಯಾದರೂ ಮುಷ್ಟಿಯುದ್ಧದ ಪ್ರಸ್ತಾಪವಿಲ್ಲ.

೩. ಕ್ರಿ. ಶ. ೭೨೮ರ ಶಿಲಾಶಾಸನ

ಶಾವೊಲಿನ್ ಭಿಕ್ಷುಗಳು ಆಯುಧ ಹಿಡಿದುದಕ್ಕೆ ನಿರ್ವಿವಾದವಾದ ಸಾಕ್ಷ್ಯವು ವಿಹಾರದಲ್ಲಿಯೇ ಇರುವ ೭೨೮ನೆಯ ವರ್ಷದ ಶಿಲಾಶಾಸನದಿಂದ ದೊರೆಯುತ್ತದೆ. ಸುಯಿ ಸಾಮ್ರಾಜ್ಯವು ಕುಸಿದು ದೇಶವು ಅರಾಜಕವಾದಾಗ ದರೋಡೆಕಾರರು ವಿಹಾರವನ್ನು ಮುತ್ತಿದರೆಂದೂ, ಭಿಕ್ಷುಗಳು ಎದುರಿಸಿದರೆಂದೂ, ಸ್ತೂಪವು ಬೆಂಕಿಯಲ್ಲಿ ಹಾಳಾಯಿತೆಂದೂ ಅದರಿಂದ ತಿಳಿದುಬರುತ್ತದೆ. ತರುವಾಯ ೬೨೧ರಲ್ಲಿ, ಮುಂದೆ ತಾಂಗ್ ಚಕ್ರವರ್ತಿಯಾದ ಲಿ ಶಿಮಿನ್ ಎಂಬವನು ಲೋಯಾಂಗಿನಲ್ಲಿ ನೆಲಸಿದ್ದ ವಾಂಗ್ ಶಿಚುಂಗ್ ಎಂಬ ಪ್ರತಿಸ್ಪರ್ಧಿಯೊಡನೆ ಯುದ್ಧಮಾಡುತ್ತಿದ್ದಾಗ, ಭಿಕ್ಷುಗಳು ವಾಂಗನ ದಂಡಿನ ಮೇಲೆ ಬಿದ್ದು ಅವನ ಸೋದರನ ಮಗನನ್ನು ಸೆರೆಹಿಡಿದು ಲಿ ಶಿಮಿನನಿಗೆ ಒಪ್ಪಿಸಿದರು. ಆತನು ಬರೆದ ಕೃತಜ್ಞತಾಪತ್ರವು ಶಾಸನದಲ್ಲಿ ಕೆತ್ತಲ್ಪಟ್ಟಿದೆ. ಹದಿಮೂರು ಮಂದಿ ಭಿಕ್ಷುಗಳ ಹೆಸರುಗಳನ್ನೂ ಕೊಟ್ಟಿದೆ. ಅವರಲ್ಲಿ ತಾನ್‌ಚುಂಗ್ ಎಂಬವನಿಗೆ ಮಹಾಸೇನಾಪತಿಯೆಂಬ ಬಿರುದು ದೊರೆಯಿತು. ವಿಹಾರಕ್ಕೆ ನಲವತ್ತು ಚಿಂಗ್ ಭೂಮಿಯೂ ನೀರಿನಿಂದ ತಿರುಗುವ ಒಂದು ಬೀಸುವ ಯಂತ್ರವೂ ದತ್ತವಾದುವು.

ಯುದ್ಧಕ್ಕೆ ಕಾರಣವೇನೆಂಬುದನ್ನು ಈ ದಾನವಸ್ತುಗಳೇ ಸೂಚಿಸುವುವು. ವಾಂಗನ ದಂಡು ಇಳಿದಿದ್ದುದು ವಿಹಾರದ ಉಂಬಳಿಯ ಭೂಮಿಯಲ್ಲಿ. ಲೋಯಾಂಗಿಗೆ ಹೋಗುವ ದಾರಿಯನ್ನು ಕಾಯುವ ಆಯಕಟ್ಟಿನ ಕಣಿವೆ ಅದು. ತಮ್ಮ ಭೂಮಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೂ, ಗೆಲ್ಲುವ ಪಕ್ಷವನ್ನು ಸೇರಿಕೊಳ್ಳುವುದಕ್ಕಾಗಿಯೂ ಭಿಕ್ಷುಗಳು ಕಾದಿದರು. ಮನುಷ್ಯವಧೆಯನ್ನು ಪಾರಾಜಿಕದೋಷಗಳಲ್ಲಿ ಎಣಿಸುವ ವಿನಯಪಿಟಕವಾಗಲಿ, ಬೋಧಿಸತ್ವವ್ರತಿಯು ಆಯುಧಗಳನ್ನು ಇಟ್ಟುಕೊಳ್ಳಕೂಡದೆಂದು ವಿಧಿಸುವ ಬ್ರಹ್ಮಜಾಲಸೂತ್ರವಾಗಲಿ ಅವರನ್ನು ತಡೆಯಲಿಲ್ಲ. ರಾಜಶಾಸನದ ರಕ್ಷಣೆಯಿದ್ದುದರಿಂದ ಮುಂದೆಯೂ ಈ ವಿಷಯದಲ್ಲಿ ಅವರನ್ನು ಪ್ರಶ್ನಿಸುವವರು ವಿರಳರಾದರು. ಶಾಸನವನ್ನು ಅಷ್ಟು ವಿಸ್ತಾರವಾಗಿ ಕೆತ್ತಿಸಿ ನಿಲ್ಲಿಸಿದುದರ ಉದ್ದೇಶವೂ ಅದೇ ಇರಬಹುದು.

ಈ ಶಾಸನದಲ್ಲಿ ಬೋಧಿಧರ್ಮನ ಹೆಸರು ಬಂದಿದೆ; ಆದರೆ ಯುದ್ಧದ ಪ್ರಸಂಗದಲ್ಲಿ ಅಲ್ಲ, ಧ್ಯಾನಮಾರ್ಗದ ಪ್ರಸಂಗದಲ್ಲಿ. ಭಿಕ್ಷುಗಳ ಶೌರ್ಯವನ್ನೂ ಬೋಧಿಧರ್ಮನ ಕೀರ್ತಿಯನ್ನೂ ಒಂದೇ ಕಲ್ಲಿನಲ್ಲಿ ಬರೆದವನು ಅವೆರಡಕ್ಕೂ ಸಂಬಂಧವನ್ನು ಹೇಳಲಿಲ್ಲ. ಅಂತಹ ಸಂಬಂಧವು ಆಗ ಪ್ರಸಿದ್ಧವಾಗಿದ್ದರೆ ಅದನ್ನು ಬಿಡಲು ಕಾರಣವಿರಲಿಲ್ಲ. ಭಿಕ್ಷುಗಳು ಯಾವ ಆಯುಧದಿಂದ, ಯಾವ ಕ್ರಮದಿಂದ ಕಾದಿದರೆಂಬುದನ್ನೂ ಶಾಸನವು ತಿಳಿಸುವುದಿಲ್ಲ. ಏಳನೆಯ ಶತಮಾನದಲ್ಲಿ ಯೋಧರಾದ ಭಿಕ್ಷುಗಳಿದ್ದರೆಂಬುದು ಸಿದ್ಧ. ವಿಶಿಷ್ಟವಾದ ಯುದ್ಧವಿದ್ಯೆಯೊಂದಿತ್ತೆಂಬುದು ಅಸಿದ್ಧ.

೪. ದಂಡವಿದ್ಯೆಯಿಂದ ಮುಷ್ಟಿವಿದ್ಯೆಗೆ

ವಿದ್ಯೆಯ ಸ್ಪಷ್ಟವಾದ ಉಲ್ಲೇಖಗಳು ಹದಿನಾರನೆಯ ಶತಮಾನದಲ್ಲಿ, ಮಿಂಗ್ ಚಕ್ರವರ್ತಿಗಳ ಕಾಲದಲ್ಲಿ ಹೇರಳವಾಗಿ ದೊರೆಯತೊಡಗುವುವು. ಆಗ ಚೀನದ ಪೂರ್ವತೀರವು ಜಪಾನೀ ಕಡಲುಗಳ್ಳರೆಂದು ಹೆಸರಾದವರ ಹಾವಳಿಯಿಂದ ತತ್ತರಿಸುತ್ತಿದ್ದಿತು. ರಾಜ್ಯಾಧಿಕಾರಿಗಳು ಭಿಕ್ಷುಗಳ ಪಡೆಗಳನ್ನು ಕರೆಸಿಕೊಂಡರು. ೧೫೫೩ರ ಜುಲೈ ತಿಂಗಳಲ್ಲಿ ವೆಂಗ್‌ಜಿಯಾಗಾಂಗ್ ಎಂಬಲ್ಲಿ ನಡೆದ ಕಾಳಗದಲ್ಲಿ ಸುಮಾರು ೧೨೦ ಮಂದಿ ಭಿಕ್ಷುಗಳು ಕಡಲುಗಳ್ಳರನ್ನು ಬೆನ್ನಟ್ಟಿ ನೂರಕ್ಕಿಂತ ಹೆಚ್ಚು ಜನರನ್ನು ಸಂಹರಿಸಿದರೆಂದೂ, ತಮ್ಮಲ್ಲಿ ನಾಲ್ವರನ್ನು ಮಾತ್ರ ಕಳೆದುಕೊಂಡರೆಂದೂ ಸಮಕಾಲೀನನಾದ ಚೆಂಗ್ ರುವೊತ್ಸೆಂಗ್ ಬರೆದಿರುವನು. ಅವರ ಪ್ರಧಾನವಾದ ಆಯುಧವು ದಂಡ, ಎಂದರೆ ದೊಣ್ಣೆ.

ಆ ಕಾಲದ ಯುದ್ಧಶಾಸ್ತ್ರಕಾರರೆಲ್ಲರೂ ಶಾವೊಲಿನ್ ವಿಹಾರವನ್ನು ದಂಡವಿದ್ಯೆಗಾಗಿಯೇ ಹೊಗಳುವರು. ಚಿ ಚಿಗುವಾಂಗ್ ಎಂಬ ಪ್ರಸಿದ್ಧ ಸೇನಾಪತಿಯು ೧೫೬೦ರ ಸುಮಾರಿನಲ್ಲಿ ರಚಿಸಿದ ಗ್ರಂಥದಲ್ಲಿ ಮುಷ್ಟಿಯುದ್ಧಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು ಮೂವತ್ತೆರಡು ಭಂಗಿಗಳನ್ನು ವಿವರಿಸಿರುವನು. ತನ್ನ ಕಾಲದ ನಾನಾ ಸಂಪ್ರದಾಯಗಳನ್ನು ಹೆಸರಿಸಿರುವನು. ಆ ಪಟ್ಟಿಯಲ್ಲಿ ಶಾವೊಲಿನ್ ಎಂಬ ಹೆಸರು ಬರುವುದು ದಂಡಕ್ಕೆ ಸಂಬಂಧಿಸಿ, ಮುಷ್ಟಿಗಲ್ಲ. ಯು ದಾಯೂ ಎಂಬ ಮತ್ತೊಬ್ಬ ಸೇನಾಪತಿಯು ೧೫೬೧ರಲ್ಲಿ ವಿಹಾರಕ್ಕೆ ಹೋಗಿ ಭಿಕ್ಷುಗಳ ದಂಡಪ್ರಯೋಗವನ್ನು ನೋಡಿದನು. ಕೀರ್ತಿಗೆ ತಕ್ಕ ಸಾರವು ಅಲ್ಲಿ ಉಳಿದಿಲ್ಲವೆಂದು ಆತನಿಗೆ ತೋರಿತು. ಆತನು ಅದನ್ನು ಮರೆಮಾಚದೆ ಹೇಳಿದನು. ಭಿಕ್ಷುಗಳು ಕೋಪಿಸಿಕೊಳ್ಳದೆ ಉಪದೇಶವನ್ನು ಬೇಡಿದರು. ಇಬ್ಬರು ತರುಣಭಿಕ್ಷುಗಳು ಆತನ ಸಂಗಡ ದಕ್ಷಿಣಕ್ಕೆ ಹೋಗಿ ಮೂರು ವರ್ಷಕ್ಕೂ ಮಿಕ್ಕಿ ಅಭ್ಯಾಸಮಾಡಿ, ಹಿಂದಿರುಗಿ ಬಂದು ಉಳಿದವರಿಗೆ ಕಲಿಸಿದರು. ವಿದ್ಯೆಯು ವಿಹಾರದಿಂದ ಹೊರಕ್ಕೆ ಹರಿದಂತೆಯೇ ಹೊರಗಿನಿಂದ ವಿಹಾರಕ್ಕೂ ಹರಿಯಿತೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನವು ಬೇಕಿಲ್ಲ.

ಚೆಂಗ್ ತ್ಸುಂಗ್‌ಯೂ ಎಂಬ ಗೃಹಸ್ಥನು ವಿಹಾರದಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಲಿತು, ಶಾವೊಲಿನ್ ದಂಡವಿದ್ಯೆಯನ್ನು ಚಿತ್ರಗಳೊಡನೆ ವಿವರಿಸುವ ಗ್ರಂಥವನ್ನು ಬರೆದು ೧೬೨೧ರಲ್ಲಿ ಪ್ರಕಟಿಸಿದನು. ವಿಹಾರದ ವಿದ್ಯೆಯನ್ನು ಕುರಿತು ಉಪಲಬ್ಧವಾಗಿರುವ ಶಾಸ್ತ್ರಗ್ರಂಥಗಳಲ್ಲಿ ಇದೇ ಪ್ರಾಚೀನತಮವಾದುದು. ಮುಷ್ಟಿವಿದ್ಯೆಯು ದೇಶದಲ್ಲಿ ಇನ್ನೂ ಹರಡಿಲ್ಲವಾದುದರಿಂದ ಭಿಕ್ಷುಗಳಲ್ಲಿ ಕೆಲವರು ಈಗ ಅದರಲ್ಲಿ ವಿಶೇಷವಾಗಿ ಪರಿಶ್ರಮಿಸಿ, ದಂಡವಿದ್ಯೆಯು ಸೇರಿದ ದಡಕ್ಕೆ ಅದನ್ನೂ ಸೇರಿಸಲು ಯತ್ನಿಸುತ್ತಿರುವರೆಂಬ ಅಭಿಪ್ರಾಯವನ್ನು ಆತನು ಅದರಲ್ಲಿ ಸೂಚಿಸಿರುವನು. ‘ಪಾರ’ವನ್ನು ಸೇರುವುದೆಂಬ ಬೌದ್ಧ ರೂಪಕವನ್ನು ಆತನು ಇಲ್ಲಿ ಬಳಸಿಕೊಂಡಿರುವುದು ರಮ್ಯವಾಗಿದೆ. ಪ್ರಕೃತ ವಿಚಾರಕ್ಕೆ ಈ ಮಾತು ನಿರ್ಣಾಯಕವಾದುದು. ಬೋಧಿಧರ್ಮನ ಕಾಲದಿಂದ ಒಂದು ಸಾವಿರ ವರ್ಷ ಕಳೆದ ಮೇಲೂ ಶಾವೊಲಿನ್ ವಿಹಾರದಲ್ಲಿ ಮುಷ್ಟಿವಿದ್ಯೆಯು ಹೊಸದಾಗಿ ಬೆಳೆಯುತ್ತಿದ್ದ ವಿದ್ಯೆಯಾಗಿದ್ದಿತು.

ದಂಡವನ್ನು ಬಿಟ್ಟು ಬರಿಗೈಯ ಸಾಧನೆಗೆ ಭಿಕ್ಷುಗಳು ಮನಸೋತುದೇಕೆ ಎಂಬುದು ಸಹಜವಾದ ಪ್ರಶ್ನೆ. ರಣರಂಗದಲ್ಲಿ ಬರಿಗೈಗೆ ಬೆಲೆಯಿಲ್ಲವೆಂಬುದನ್ನು ಚಿ ಚಿಗುವಾಂಗನೇ ಒಪ್ಪಿರುವನು. ಅಂಗಗಳನ್ನು ಪಳಗಿಸಲು ಮಾತ್ರ ಅದು ಉಪಯುಕ್ತವೆಂದು ಆತನ ಮತ. ಅದೇ ಕಾಲದಲ್ಲಿ ಟಾವೋಮತದವರಲ್ಲಿ ಬಹುಕಾಲದಿಂದ ನಡೆದುಬಂದ ಪ್ರಾಣಾಯಾಮಸದೃಶವಾದ ಶ್ವಾಸಕ್ರಮಗಳೂ ಅಂಗಮರ್ದನಗಳೂ ಮುಷ್ಟಿಯುದ್ಧದ ಭಂಗಿಗಳೊಡನೆ ಬೆರೆತುವು. ಹೀಗೆ ಯುದ್ಧ, ಆರೋಗ್ಯ, ಆತ್ಮಸಂಸ್ಕಾರ ಈ ಮೂರೂ ಒಂದೇ ಅಭ್ಯಾಸದಿಂದ ಸಿದ್ಧಿಸುವುವೆಂಬ ಭಾವನೆಯು ಹುಟ್ಟಿತು. ಇಸ್ರೇಲಿನ ವಿದ್ವಾಂಸರಾದ ಮೇಯಿರ್ ಶಹಾರ್ ಅವರು ೨೦೦೮ರಲ್ಲಿ ಪ್ರಕಟಿಸಿದ ಶಾವೊಲಿನ್ ಚರಿತ್ರೆಯಲ್ಲಿ ಈ ಸಂಗಮವನ್ನು ವಿಶದಪಡಿಸಿರುವರು.

೫. ‘ಸ್ನಾಯುಪರಿವರ್ತನಸೂತ್ರ’ದ ಪರೀಕ್ಷೆ

ಹಾಗಾದರೆ ಬೋಧಿಧರ್ಮನು ಈ ವಿದ್ಯೆಗೆ ಮೂಲಪುರುಷನಾದುದು ಹೇಗೆ? ಉತ್ತರವು ‘ಯಿ-ಜಿನ್-ಜಿಂಗ್’ ಎಂಬ ಗ್ರಂಥದಲ್ಲಿದೆ. ಸಂಸ್ಕೃತದಲ್ಲಿ ಇದನ್ನು ಸ್ನಾಯುಪರಿವರ್ತನಸೂತ್ರವೆನ್ನಬಹುದು; ಆದರೆ ಇದಕ್ಕೆ ಸಂಸ್ಕೃತಮೂಲವು ಇಲ್ಲ. ದೇಹವನ್ನು ಉಜ್ಜುವುದು, ತಟ್ಟುವುದು, ಕಲ್ಲು ತುಂಬಿದ ಚೀಲಗಳಿಂದ ಹೊಡೆದು ಗಟ್ಟಿಮಾಡುವುದು, ಶ್ವಾಸವನ್ನು ನಡೆಸುವುದು, ಔಷಧಗಳನ್ನು ಸೇವಿಸುವುದು ಇವೇ ಅದರ ವಿಷಯಗಳು. ಅದರ ಪರಿಭಾಷೆಯು ಬಹುಮಟ್ಟಿಗೆ ಟಾವೋಮತದ್ದು, ಯೋಗಶಾಸ್ತ್ರದ ಪರಿಭಾಷೆಯಲ್ಲ. ಗ್ರಂಥದ ಕೊನೆಯಲ್ಲಿ ೧೬೨೪ನೆಯ ವರ್ಷದ ಒಂದು ಟಿಪ್ಪಣಿಯಿದೆ. ಅದನ್ನು ಬರೆದವನು ತಿಯಾನ್‌ತಾಯಿ ಪರ್ವತದ ಟಾವೋಮಾರ್ಗಿಯೊಬ್ಬ. ಆತನೇ ಗ್ರಂಥಕರ್ತೃವೆಂದು ವಿಮರ್ಶಕರು ಬಗೆಯುತ್ತಾರೆ.

ಗ್ರಂಥಕ್ಕೆ ಪ್ರಾಚೀನತೆಯನ್ನು ತಂದುಕೊಡುವುವು ಅದರ ಎರಡು ಪೀಠಿಕೆಗಳು. ಮೊದಲನೆಯದು ತಾಂಗ್ ಸೇನಾಪತಿಯಾದ ಲಿ ಜಿಂಗ್ ಎಂಬವನು ೬೨೮ರಲ್ಲಿ ಬರೆದನೆಂದೂ, ಎರಡನೆಯದು ಸುಂಗ್ ವಂಶದ ಸೇನಾನಿಯಾದ ನಿಯು ಗಾವೊ ಎಂಬವನು ೧೧೪೨ರಲ್ಲಿ ಬರೆದನೆಂದೂ ಹೇಳಿಕೊಳ್ಳುತ್ತವೆ. ಬೋಧಿಧರ್ಮನು ಹೊರಟುಹೋದ ಮೇಲೆ ವಿಹಾರದ ಗೋಡೆಯೊಳಗೆ ಒಂದು ಕಬ್ಬಿಣದ ಪೆಟ್ಟಿಗೆಯು ದೊರೆಯಿತೆಂದೂ, ಅದರಲ್ಲಿ ಮಜ್ಜಾಶೋಧನ, ಸ್ನಾಯುಪರಿವರ್ತನ ಎಂಬ ಎರಡು ಗ್ರಂಥಗಳಿದ್ದುವೆಂದೂ ಮೊದಲನೆಯ ಪೀಠಿಕೆಯು ತಿಳಿಸುತ್ತದೆ. ಬೋಧಿಧರ್ಮನು ಶಿಷ್ಯರನ್ನು ಪರೀಕ್ಷಿಸಿ, ಒಬ್ಬನಿಗೆ ತನ್ನ ಚರ್ಮವೂ ಮತ್ತೊಬ್ಬರಿಗೆ ಮಾಂಸವೂ ಇನ್ನೊಬ್ಬನಿಗೆ ಅಸ್ಥಿಯೂ ಕೊನೆಯವನಿಗೆ ಮಜ್ಜೆಯೂ ದೊರೆತುವೆಂದು ಹೇಳಿದನೆಂಬ ಹಳೆಯ ಕಥೆಯೊಂದು ಧ್ಯಾನಸಂಪ್ರದಾಯದಲ್ಲುಂಟು. ತತ್ತ್ವಗ್ರಹಣದ ತಾರತಮ್ಯವನ್ನು ತಿಳಿಸುವ ಆ ಲಕ್ಷಣೆಯನ್ನು ಪೀಠಿಕಾಕಾರನು ಅಭಿಧೆಯಾಗಿ ತೆಗೆದುಕೊಂಡು, ಮಜ್ಜೆಯನ್ನು ತೊಳೆಯುವ ವ್ಯಾಯಾಮವೆಂದು ಅರ್ಥಮಾಡಿದನು. ಅಲಂಕಾರಶಾಸ್ತ್ರವನ್ನು ಬೋಧಿಸುವವರಿಗೆ ಇದು ಒಳ್ಳೆಯ ಉದಾಹರಣೆಯಾಗಬಹುದು.

ಕರ್ಣಾಟಕದ ತಾಮ್ರಶಾಸನಗಳನ್ನು ಪರೀಕ್ಷಿಸುವವರು ವರ್ಷ, ತಿಥಿ, ವಂಶಾವಳಿ, ಬಿರುದು ಇವುಗಳ ಅಸಾಂಗತ್ಯದಿಂದ ಕೂಟಶಾಸನಗಳನ್ನು ಕಂಡುಹಿಡಿಯುವರಷ್ಟೆ. ಅದೇ ಕ್ರಮದಿಂದ ಈ ಪೀಠಿಕೆಗಳನ್ನು ಪರೀಕ್ಷಿಸಬಹುದು. ಒಂದನೆಯದಾಗಿ, ಶಿಯಾವೊಮಿಂಗ್ ಚಕ್ರವರ್ತಿಯ ತಾಯಿಹೆ ಶಕೆಯಲ್ಲಿ ಬೋಧಿಧರ್ಮನು ಲಿಯಾಂಗ್ ರಾಜ್ಯದಿಂದ ವೇಯಿ ರಾಜ್ಯಕ್ಕೆ ಬಂದನೆಂದು ಹೇಳಿದೆ. ತಾಯಿಹೆ ಶಕೆಯು ೪೭೭ರಿಂದ ೪೯೯ರವರೆಗಿನದು, ಶಿಯಾವೊವೆನ್ ಚಕ್ರವರ್ತಿಯದು. ಶಿಯಾವೊಮಿಂಗನು ಆಳಿದುದು ೫೧೫ರಿಂದ ೫೨೮ರವರೆಗೆ. ಲಿಯಾಂಗ್ ರಾಜ್ಯವು ೫೦೨ಕ್ಕೆ ಮೊದಲು ಇರಲೇ ಇಲ್ಲ. ಎರಡನೆಯದಾಗಿ, ಗ್ರಂಥವನ್ನು ಚೀನೀ ಭಾಷೆಗೆ ತಿರುಗಿಸಿದವನು ಪಾರಮಿತಿಯೆಂಬ ಭಾರತೀಯನೆಂದಿದೆ. ಈ ಹೆಸರು ೭೦೫ರಲ್ಲಿ ಶೂರಂಗಮಸೂತ್ರವನ್ನು ಅನುವಾದಿಸಿದನೆಂದು ಪ್ರಸಿದ್ಧನಾದವನದು. ೬೨೮ರ ಪೀಠಿಕೆಯಲ್ಲಿ ಅದು ಬರಲು ಸಾಧ್ಯವಿಲ್ಲ. ಮೂರನೆಯದಾಗಿ, ಲಿ ಜಿಂಗನಿಗೆ ಈ ವಿದ್ಯೆಯು ‘ಗುಂಗುರುಗಡ್ಡದ ಅತಿಥಿ’ಯಿಂದ ಬಂದಿತೆಂದಿದೆ, ಆತನು ತಾಂಗ್ ಕಾಲದ ಕೊನೆಯಲ್ಲಿ ಹುಟ್ಟಿದ ಕಟ್ಟುಕಥೆಯೊಂದರ ಪಾತ್ರ. ನಾಲ್ಕನೆಯದಾಗಿ, ೧೧೪೨ರ ಪೀಠಿಕೆಯಲ್ಲಿ ಸೆರೆಯಾದ ಚಕ್ರವರ್ತಿಯನ್ನು ‘ಚಿನ್’ ಎಂಬ ಮರಣೋತ್ತರನಾಮದಿಂದ ಕರೆದಿದೆ. ಆ ಹೆಸರನ್ನು ಆತನಿಗೆ ಕೊಟ್ಟುದು ೧೧೬೧ರಲ್ಲಿ.

ಇಷ್ಟು ದೋಷಗಳುಳ್ಳ ಲೇಖನವು ಕೃತಕವೆಂಬುದರಲ್ಲಿ ಸಂದೇಹವಿಲ್ಲ. ಲಿಂಗ್ ತಿಂಗ್‌ಕಾನ್ (೧೭೫೭–೧೮೦೯) ಎಂಬ ಚೀನೀ ಪಂಡಿತನು ಇದನ್ನು ಆಗಲೇ ಗುರುತಿಸಿ ಪರಿಹಾಸಮಾಡಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ತಾಂಗ್ ಹಾವೊ (೧೮೯೭–೧೯೫೯) ಅವರು ೧೯೩೦ರಲ್ಲಿ ಪ್ರಕಟಿಸಿದ ಶಾವೊಲಿನ್-ವೂದಾಂಗ್ ವಿಮರ್ಶೆಯಲ್ಲಿ ಬೋಧಿಧರ್ಮನ ಕರ್ತೃತ್ವವನ್ನು ನಿರಾಕರಿಸಿದರು.

ಮತ್ತೊಂದು ಅಂಶವು ಗಮನಿಸತಕ್ಕದ್ದಾಗಿದೆ. ಈ ಕೃತಕಗ್ರಂಥವು ಕೂಡ ಬೋಧಿಧರ್ಮನಿಗೆ ಆರೋಪಿಸುವುದು ದೇಹದಾರ್ಢ್ಯದ ವಿದ್ಯೆಯನ್ನೇ ಹೊರತು ಮುಷ್ಟಿಯುದ್ಧವನ್ನಲ್ಲ. ಆತನು ಮುಷ್ಟಿಯುದ್ಧಕ್ಕೂ ಆಚಾರ್ಯನೆಂಬ ಮಾತು ಜನಸಾಮಾನ್ಯರಲ್ಲಿ ರೂಢವಾದುದು ೧೯೦೪ರಿಂದ ೧೯೦೭ರವರೆಗೆ ಪ್ರಕಟವಾದ ‘ಲಾವೊ ತ್ಸಾನನ ಪ್ರವಾಸ’ವೆಂಬ ಕಾದಂಬರಿಯಿಂದಲೂ, ೧೯೧೫ರಲ್ಲಿ ಹೊರಬಂದ ಶಾವೊಲಿನ್ ಮುಷ್ಟಿರಹಸ್ಯಗಳ ಪುಸ್ತಕದಿಂದಲೂ. ಹೀಗೆ ಭಾರತದಲ್ಲಿ ಪುರಾತನವೆಂದು ಹೇಳುವ ಕಥೆಯ ಈಗಿನ ರೂಪಕ್ಕೆ ನೂರಿಪ್ಪತ್ತು ವರ್ಷದ ವಯಸ್ಸು ಮಾತ್ರವಿರುವುದು.

೬. ಭಾರತದ ನಿಜವಾದ ಪಾಲು

ಬೋಧಿಧರ್ಮನ ಕಥೆಯು ನಿರಸ್ತವಾದರೆ ಭಾರತಕ್ಕೂ ಶಾವೊಲಿನ್ ವಿದ್ಯೆಗೂ ಸಂಬಂಧವೇ ಇಲ್ಲವೆಂದು ಭಾವಿಸಲಾಗದು. ಭಿಕ್ಷುಗಳು ತಾವಾಗಿಯೇ ತಮ್ಮ ದಂಡವಿದ್ಯೆಗೆ ಯಾರನ್ನು ಮೂಲಪುರುಷನೆಂದು ಪೂಜಿಸಿದರೋ ಅದನ್ನು ನೋಡಬೇಕು. ವಿಹಾರದ ೧೫೧೭ನೆಯ ವರ್ಷದ ಶಿಲಾಲೇಖವೊಂದರಲ್ಲಿ ಈ ವೃತ್ತಾಂತವಿದೆ: ಯುವಾನ್ ವಂಶದ ಕೊನೆಯಲ್ಲಿ ಕೆಂಪುಮುಂಡಾಸಿನ ಬಂಡಾಯಗಾರರು ವಿಹಾರವನ್ನು ಮುತ್ತಿದಾಗ, ಅಡಿಗೆಮನೆಯಲ್ಲಿ ಊಳಿಗಮಾಡುತ್ತಿದ್ದವನೊಬ್ಬನು ಒಲೆಯ ಬೆಂಕಿಯನ್ನು ಕೆದಕುವ ಕೋಲನ್ನು ಹಿಡಿದು ಹೊರಬಂದು, ಪರ್ವತಾಕಾರವಾಗಿ ಬೆಳೆದು ಅವರನ್ನು ಓಡಿಸಿದನು, ಆತನು ಮಾನುಷನಲ್ಲ, ಬೋಧಿಸತ್ವನ ಅವತಾರವೆಂದು ತರುವಾಯ ತಿಳಿಯಿತು. ವಾಸ್ತವದಲ್ಲಿ ಆ ಬಂಡಾಯದಿಂದ ವಿಹಾರಕ್ಕೆ ಬಹಳ ಹಾನಿಯುಂಟಾಗಿ ಭಿಕ್ಷುಗಳು ಚದುರಿಹೋದರು. ಸೋಲಿನ ನೆನಪನ್ನು ಕಥೆಯು ಗೆಲವಾಗಿ ತಿರುಗಿಸಿದೆ. ಈ ದೇವತೆಯ ಹೆಸರು ‘ಜಿನ್‌ನಾಲುವೊ’. ಇದು ಸಂಸ್ಕೃತದ ‘ಕಿನ್ನರ’ ಶಬ್ದದ ಚೀನೀ ಉಚ್ಚಾರಣೆ. ಚೆಂಗ್ ತ್ಸುಂಗ್‌ಯೂ ಕೂಡ ದಂಡವಿದ್ಯೆಯ ಆದಿಗುರುವು ಕಿನ್ನರರಾಜನೆಂದೇ ಹೇಳಿರುವನು, ಬೋಧಿಧರ್ಮನೆಂದಲ್ಲ.

ಭಾರತೀಯ ಸಾಹಿತ್ಯದಲ್ಲಿ ಅಶ್ವಮುಖನೂ ಗಾಯಕನೂ ಆದ ಕಿನ್ನರನು ಚೀನದಲ್ಲಿ ದಂಡಧಾರಿಯಾದ ವೀರನಾದುದು ಹೇಗೆ? ಸದ್ಧರ್ಮಪುಂಡರೀಕದ ಸಭೆಯಲ್ಲಿ ಕಿನ್ನರರಾಜರು ನಾಲ್ವರು ಕುಳಿತಿರುವುದರಿಂದ ಹೆಸರು ಚೀನರಿಗೆ ಪರಿಚಿತವಾಗಿದ್ದಿತು. ರೂಪವಾದರೋ ವಜ್ರಪಾಣಿಯಿಂದ ಬಂದುದು. ಶಾವೊಲಿನ್ ವಿಹಾರದಲ್ಲಿ ವಜ್ರಪಾಣಿಯನ್ನು ‘ನಾಲುವೊಯಾನ್’, ಎಂದರೆ ನಾರಾಯಣ, ಎಂಬ ಹೆಸರಿನಿಂದ ಪೂಜಿಸುತ್ತಿದ್ದರು. ಬೌದ್ಧಗ್ರಂಥಗಳಲ್ಲಿ ‘ನಾರಾಯಣಬಲ’ವೆಂಬುದು ಅಪಾರವಾದ ದೇಹಬಲಕ್ಕೆ ಹೆಸರು. ವಜ್ರವೆಂಬ ಆಯುಧಕ್ಕೆ ಚೀನರು ‘ಚು’ ಎಂಬ ಶಬ್ದವನ್ನು ಬಳಸುವರು; ಆ ಶಬ್ದದ ಮೂಲಾರ್ಥವು ಒನಕೆ. ವಜ್ರವು ಒನಕೆಯಾಗಿ, ಒನಕೆಯು ಕೋಲಾಗಿ, ಕೋಲು ಅಡಿಗೆಮನೆಯ ಕೊಳ್ಳಿಯಾಗಿ ಪರಿಣಮಿಸಿದ ಕ್ರಮವು ಇದರಿಂದ ಊಹ್ಯವಾಗುತ್ತದೆ. ಜೊತೆಗೆ, ವಿನಯದಲ್ಲಿ ಅನುಮತವಾದ ಖಕ್ಖರವೆಂಬ ಬಳೆಗಳುಳ್ಳ ದಂಡವು ಮೊದಲೇ ಭಿಕ್ಷುವಿನ ಕೈಯಲ್ಲಿದ್ದಿತು. ಸೆಂಗ್‌ಚೌ ವೃತ್ತಾಂತದಲ್ಲಿ ಬಲವನ್ನು ಕೊಟ್ಟವನೂ ವಜ್ರಪಾಣಿಯೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಭಾರತವು ಕೊಟ್ಟುದು ಹೊಡೆತದ ವರಸೆಗಳನ್ನಲ್ಲ. ವಿಹಾರದ ವ್ಯವಸ್ಥೆಯನ್ನೂ, ದೇವತಾಕಲ್ಪನೆಯನ್ನೂ, ಬಲವು ಉಪಾಸನೆಯಿಂದ ಲಭಿಸುವುದೆಂಬ ಭಾವನೆಯನ್ನೂ ಕೊಟ್ಟಿತು.

ಮೈಸೂರಿನ ದಸರೆಯಲ್ಲಿ ಜಟ್ಟಿಗಳು ಕಾದುವ ವಜ್ರಮುಷ್ಟಿ ಕಾಳಗವೇ ಶಾವೊಲಿನ್ ವಿದ್ಯೆಗೆ ಮೂಲವೆಂದು ಕೆಲವರು ಹೇಳುವುದುಂಟು. ಕೇರಳದ ಕಳರಿಯನ್ನೂ ಹೀಗೆಯೇ ಮುಂದಿಡುವರು. ಭಾರತದಲ್ಲಿ ಮಲ್ಲವಿದ್ಯೆಯು ಪ್ರಾಚೀನವೆಂಬುದು ನಿಜ. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿರುವ ಮಲ್ಲವಿನೋದಪ್ರಕರಣವು ಅದಕ್ಕೆ ಅಮೂಲ್ಯವಾದ ಸಾಕ್ಷ್ಯ. ಆದರೆ ಹನ್ನೆರಡನೆಯ ಶತಮಾನದ ಆ ಗ್ರಂಥದಿಂದ ಆರನೆಯ ಶತಮಾನದ ಭಿಕ್ಷುವು ಏನನ್ನು ಕಲಿತು ಹೋದನೆಂಬುದನ್ನು ಸಾಧಿಸಲಾಗದು. ಎರಡು ದೇಶಗಳ ಜಟ್ಟಿಗಳು ಮುಷ್ಟಿಯನ್ನು ಬಿಗಿದರೆಂಬ ಸಾದೃಶ್ಯಮಾತ್ರದಿಂದ ಕಾರ್ಯಕಾರಣಭಾವವು ಸಿದ್ಧಿಸುವುದಿಲ್ಲ.

೭. ಪ್ರಸಾರ

೧೬೪೪ರಲ್ಲಿ ಮಿಂಗ್ ಸಾಮ್ರಾಜ್ಯವು ಅಳಿದು ಮಾಂಚು ದೊರೆಗಳು ಬಂದರು. ವಿಹಾರವು ಶಿಥಿಲವಾಯಿತು, ೧೬೭೯ರಲ್ಲಿ ಅಲ್ಲಿಗೆ ಹೋದ ಗು ಯಾನ್‌ವು ಎಂಬ ಪಂಡಿತನು ಅದರ ದುರವಸ್ಥೆಯನ್ನು ಕಂಡು ಮರುಗಿದನು. ಆದರೆ ವಿಹಾರವು ಕ್ಷೀಣಿಸಿದಂತೆ ಅದರ ಹೆಸರು ಬೆಳೆಯಿತು. ೧೬೬೯ರಲ್ಲಿ ಹ್ವಾಂಗ್ ತ್ಸುಂಗ್‌ಶಿ ಎಂಬ ತತ್ತ್ವಜ್ಞನು ಒಬ್ಬ ಯೋಧನ ಸಮಾಧಿಲೇಖದಲ್ಲಿ ಶಾವೊಲಿನ್ ವಿದ್ಯೆಯನ್ನು ‘ಬಾಹ್ಯ’ವೆಂದೂ, ಟಾವೋಸಿದ್ಧನಾದ ಚಾಂಗ್ ಸಾನ್‌ಫೆಂಗನದೆನ್ನುವ ವಿದ್ಯೆಯನ್ನು ‘ಆಂತರ’ವೆಂದೂ ವಿಂಗಡಿಸಿದನು. ಪರದೇಶದ ದೊರೆಗಳನ್ನು ಒಪ್ಪದಿದ್ದ ಆತನು ಪರದೇಶದಿಂದ ಬಂದ ಮತದ ವಿದ್ಯೆಗಿಂತ ಸ್ವದೇಶದ ಮತದ ವಿದ್ಯೆಯನ್ನು ಮೇಲೆತ್ತಿದುದು ಆಶ್ಚರ್ಯವಲ್ಲ. ಮೂಲಪುರುಷರ ಕಥೆಗಳು ಆಯಾ ಕಾಲದ ಅಭಿಮಾನಗಳನ್ನು ಹೊತ್ತುಕೊಂಡೇ ಹುಟ್ಟುವುವು.

ದಕ್ಷಿಣದಲ್ಲಿ ಮತ್ತೊಂದು ಐತಿಹ್ಯವು ಹುಟ್ಟಿತು. ಫುಜಿಯೆನ್ ಪ್ರಾಂತದಲ್ಲಿದ್ದ ಶಾವೊಲಿನ್ ವಿಹಾರವನ್ನು ಮಾಂಚುಗಳು ಸುಟ್ಟರೆಂದೂ, ತಪ್ಪಿಸಿಕೊಂಡ ಐವರು ಭಿಕ್ಷುಗಳು ‘ಸ್ವರ್ಗ-ಭೂಮಿ ಸಂಘ’ವೆಂಬ ಗುಪ್ತಸಂಘವನ್ನು ಸ್ಥಾಪಿಸಿದರೆಂದೂ ಅದು ಹೇಳುವುದು. ರಾಜಕೀಯ ದಫ್ತರಗಳಿಂದ ತಿಳಿದುಬರುವಂತೆ ಆ ಸಂಘವು ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಫುಜಿಯೆನಿನಲ್ಲಿ ಹುಟ್ಟಿದ ಪರಸ್ಪರಸಹಾಯ ಸಂಘ. ಸುಟ್ಟ ವಿಹಾರದ ಕಥೆಯು ಅದಕ್ಕೆ ಆಮೇಲೆ ಸೇರಿದುದು. ಆದರೂ ಕ್ಯಾಂಟನ್ ಕಡೆಯ ಮುಷ್ಟಿಸಂಪ್ರದಾಯಗಳು ಈ ಐತಿಹ್ಯವನ್ನು ತಮ್ಮ ವಂಶಾವಳಿಯಾಗಿ ಮಾಡಿಕೊಂಡು, ವಲಸೆಹೋದ ಚೀನರ ಸಂಗಡ ಆಗ್ನೇಯ ಏಷ್ಯದ ದ್ವೀಪಗಳಿಗೂ ಹರಡಿದುವು.

ವಿಹಾರದಲ್ಲಿಯೇ ಮುಷ್ಟಿವಿದ್ಯೆಯು ನಿಂತಿರಲಿಲ್ಲ. ೧೮೨೮ರಲ್ಲಿ ಲಿನ್‌ಚಿಂಗ್ ಎಂಬ ಮಾಂಚು ಅಧಿಕಾರಿಯು ಅಲ್ಲಿಗೆ ಬಂದಾಗ ಭಿಕ್ಷುಗಳು ಮೊದಲು ಭಯದಿಂದ ತಮ್ಮ ವಿದ್ಯೆಯನ್ನು ಮರೆಮಾಚಿದರು. ಆತನು ಅಭಯವನ್ನು ಕೊಟ್ಟ ಮೇಲೆ ಅದನ್ನು ಪ್ರದರ್ಶಿಸಿದರು. ವಿಹಾರದ ಗೋಡೆಗಳ ಮೇಲೆ ಅಂತಹ ಅಭ್ಯಾಸದ ವರ್ಣಚಿತ್ರಗಳು ಇಂದಿಗೂ ಇರುವುವು. ಚೀನದ ದಕ್ಷಿಣತೀರದಿಂದ ರ್ಯೂಕ್ಯೂ ದ್ವೀಪಗಳಿಗೆ ಹೋದ ಮುಷ್ಟಿವಿದ್ಯೆಯು ಅಲ್ಲಿನ ವಿದ್ಯೆಯೊಡನೆ ಬೆರೆತು ‘ಚೀನದ ಕೈ’ ಎಂಬ ಅರ್ಥದ ಹೆಸರನ್ನು ಪಡೆಯಿತು. ೧೯೨೨ರಲ್ಲಿ ಫುನಾಕೊಶಿ ಗಿಚಿನ್ ಎಂಬವರು ಅದನ್ನು ಟೋಕಿಯೋ ನಗರದಲ್ಲಿ ಪ್ರದರ್ಶಿಸಿದರು. ೧೯೩೦ರ ದಶಕದಲ್ಲಿ ಅದೇ ಉಚ್ಚಾರಣೆಯ ಬೇರೊಂದು ಲಿಪಿಸಂಜ್ಞೆಯಿಂದ ‘ಬರಿಗೈ’ ಎಂಬ ಅರ್ಥವನ್ನು ಅದಕ್ಕೆ ಕೊಡಲಾಯಿತು. ಇದೇ ಕರಾಟೆ.

೧೯೨೮ರಲ್ಲಿ ಸೇನಾಧಿಪತಿಗಳ ಅಂತಃಕಲಹದಲ್ಲಿ ಶಿ ಯೂಸಾನ್ ಎಂಬವನ ದಂಡು ವಿಹಾರಕ್ಕೆ ಬೆಂಕಿಯಿಟ್ಟಿತು. ಕಟ್ಟಡಗಳೊಡನೆ ಗ್ರಂಥಭಂಡಾರವೂ ನಾಶವಾಯಿತು. ಅದೇ ವರ್ಷ ನಾನ್‌ಕಿಂಗಿನಲ್ಲಿ ರಾಷ್ಟ್ರೀಯ ಅಂಗಸಾಧನೆಗಾಗಿ ಕೇಂದ್ರಸಂಸ್ಥೆಯೊಂದು ಸ್ಥಾಪಿತವಾಯಿತು. ೧೯೮೨ರ ‘ಶಾವೊಲಿನ್ ವಿಹಾರ’ವೆಂಬ ಚಲಚ್ಚಿತ್ರವು ಆ ಸ್ಥಳವನ್ನು ಮತ್ತೆ ಲೋಕವಿಖ್ಯಾತವಾಗಿ ಮಾಡಿತು. ದೆಂಗ್‌ಫೆಂಗಿನ ಪ್ರಾಚೀನ ಸ್ಮಾರಕಗಳೊಡನೆ ವಿಹಾರವು ೨೦೧೦ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು.

೮. ಉಪಸಂಹಾರ

ಮೇಲಣ ವಿಚಾರದಿಂದ ಈ ಅಂಶಗಳು ಸಿದ್ಧವಾಗುತ್ತವೆ. ಶಾವೊಲಿನ್ ವಿಹಾರವು ಐದನೆಯ ಶತಮಾನದ ಕೊನೆಯಲ್ಲಿ ಭಾರತೀಯ ಭಿಕ್ಷುವೊಬ್ಬನಿಗಾಗಿ ನಿರ್ಮಿತವಾಯಿತು. ಏಳನೆಯ ಶತಮಾನದಲ್ಲಿ ಅಲ್ಲಿನ ಭಿಕ್ಷುಗಳು ತಮ್ಮ ಆಸ್ತಿಯ ರಕ್ಷಣೆಗಾಗಿ ಯುದ್ಧಮಾಡಿದರು. ಹದಿನಾರನೆಯ ಶತಮಾನದಲ್ಲಿ ಅವರ ದಂಡವಿದ್ಯೆಯು ಪ್ರಖ್ಯಾತವಾಯಿತು. ಮುಷ್ಟಿವಿದ್ಯೆಯು ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಬೆಳೆಯಿತು. ಬೋಧಿಧರ್ಮನ ಹೆಸರು ಹದಿನೇಳನೆಯ ಶತಮಾನದ ಒಂದು ಕೃತಕಗ್ರಂಥದ ಮೂಲಕ ದೇಹಸಾಧನೆಗೂ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮುಷ್ಟಿಯುದ್ಧಕ್ಕೂ ಅಂಟಿಕೊಂಡಿತು.

ಸರ್ವಜ್ಞನ ಹೆಸರಿನಲ್ಲಿ ಪ್ರಕ್ಷಿಪ್ತವಾದ ತ್ರಿಪದಿಗಳನ್ನೂ, ವ್ಯಾಸನ ಹೆಸರಿನಲ್ಲಿ ಬಂದ ಸ್ಥಳಪುರಾಣಗಳನ್ನೂ ಬಲ್ಲ ಕನ್ನಡ ವಿದ್ವಾಂಸರಿಗೆ ಇಂತಹ ಆರೋಪವು ಅಪೂರ್ವವಾದುದಲ್ಲ. ಹೊಸ ವಿದ್ಯೆಗೆ ಹಳೆಯ ಋಷಿಯನ್ನು ಹುಡುಕುವುದು ಚೀನಕ್ಕೂ ಭಾರತಕ್ಕೂ ಸಮಾನವಾದ ಪ್ರವೃತ್ತಿ. ಈ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳಕೂಡದೆಂದಲ್ಲ. ಐತಿಹ್ಯವೆಂದೇ ಹೇಳಿ, ಅದು ಯಾವಾಗ ಹುಟ್ಟಿತೆಂಬುದನ್ನೂ ತಿಳಿಸುವುದು ಉಪಾಧ್ಯಾಯರ ಕರ್ತವ್ಯ. ಬೋಧಿಧರ್ಮನಿಗೆ ಸಲ್ಲಬೇಕಾದ ಗೌರವವು ಧ್ಯಾನಾಚಾರ್ಯನಾಗಿ ಸಲ್ಲಲಿ. ಶಾವೊಲಿನ್ ವಿಹಾರದ ಭಾರತೀಯ ಸಂಬಂಧವನ್ನು ಅರಸುವವರು ಬಾತುವೊ, ವಜ್ರಪಾಣಿ, ಕಿನ್ನರ ಇವರ ಕಡೆಗೆ ದೃಷ್ಟಿಯನ್ನು ತಿರುಗಿಸಿದರೆ ಸಂಸ್ಕೃತಜ್ಞರು ಮಾಡಬಹುದಾದ ಕೆಲಸವು ಅಲ್ಲಿ ಇನ್ನೂ ಬಹಳವಿದೆ.